ಅರಿಶಿನಕುಂಟೆಯ ಸೈಟು, ಯುರೋಪಿನ ಸೀಟು

ಏಳನೇ ಸೆಮ್ ಶುರುವಾಯ್ತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಗುಂಪು. ಒಂದು ಪ್ಲೇಸ್‌ಮೆಂಟ್ ಸೆಲ್ ಬಾಗಿಲಲ್ಲಿ, ಇನ್ನೊಂದು ಕ್ಯಾಂಟೀನಿನ ಮೂಲೆ ಟೇಬಲ್ಲಿನಲ್ಲಿ 'ನಾವು ಹೊರಗೆ ಹೋಗ್ತೀವಿ' ಅಂತ. ಈಚೆಗೆ ಆ ಮೂಲೆ ಟೇಬಲ್ಲಿನಲ್ಲಿ ಹೊಸದೊಂದು ಕವಲು ಒಡೆದಿದೆ. ಬಿ.ಇ. ಮುಗಿಸಿ ಫೈನಾನ್ಸ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ಯುರೋಪಿಗೆ ಹೊರಡುವವರದ್ದು. ಹೋಗುವುದು ಸರಿಯೋ ತಪ್ಪೋ ಅನ್ನೋದು ಈ ಲೇಖನದ ವಿಷಯವಲ್ಲ. ಹತ್ತಾರು ಬಿಸಿನೆಸ್ ಸ್ಕೂಲುಗಳಲ್ಲಿ ಯಾವುದನ್ನು, ಯಾವ ಲೆಕ್ಕದ ಮೇಲೆ ಆರಿಸಬೇಕು ಅನ್ನೋದು ವಿಷಯ.

ನಾವು ಇದನ್ನು ಬರೆಯೋಕೆ ಕಾರಣ ಒಂದು ಭಾನುವಾರ. ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿ ನಮ್ಮ ಗೆಳೆಯನೊಬ್ಬನ ಮನೆ. ಕನ್ಸಲ್ಟೆನ್ಸಿಯವರು ಅವನಿಗೆ ಮೂರು ಸ್ಕೂಲಿನ ಪಟ್ಟಿ ಕೊಟ್ಟಿದ್ದರು: ಪ್ಯಾರಿಸ್ಸಿನದೊಂದು, ಮಿಲಾನಿನದೊಂದು, ಲಂಡನ್ನಿನದೊಂದು. ರ‍್ಯಾಂಕಿಂಗ್ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸಿದ್ದು, ಅಷ್ಟೆ. ನಾಲ್ಕು ಜನ ಕೂತು ಯಾವುದು ಬೆಸ್ಟು ಅಂತ ವಾದ ಮಾಡ್ತಿದ್ವಿ. ಅವರಪ್ಪ ಸೈಟಿನ ಪತ್ರಗಳ ಪ್ಲಾಸ್ಟಿಕ್ ಕವರು ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದರು:

"ನೀವೆಲ್ಲ ಓದಿರೋ ಹುಡುಗ್ರು, ಒಂದ್ ಮಾತು ಹೇಳ್ರಪ್ಪ. ಇವ್ನಿಗೆ ಅಲ್ಲಿ ಕೆಲಸ ಸಿಗ್ದೆ ವಾಪಸ್ ಬಂದ ಅಂತ ಇಟ್ಕೊಳ್ಳಿ. ಇಲ್ಲಿನ ಸಂಬಳದಲ್ಲಿ ಕಂತು ಕಟ್ಟೋಕಾಗುತ್ತಾ?"

ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಕಲಿತದ್ದೇ ಈ ಲೇಖನ.

ಯಾವ ಫೈನಾನ್ಸು?

ಫೈನಾನ್ಸ್ ಅನ್ನೋದು ಒಂದು ಕೆಲಸವಲ್ಲ. ಸ್ಥೂಲವಾಗಿ ಎರಡು ದಾರಿ ಇಟ್ಕೊಳ್ಳಿ. ಒಂದು, ಕಾರ್ಪೊರೇಟ್ ಫೈನಾನ್ಸ್: ಕಂಪನಿಗಳ ಬೆಲೆ ಕಟ್ಟುವುದು, ವಿಲೀನ, ಸಾಲ, ಷೇರು ಬಿಡುಗಡೆ. ಇದರಲ್ಲಿ ಬ್ಯಾಲೆನ್ಸ್ ಶೀಟ್ ಓದುವ ಕಣ್ಣು, ಎಕ್ಸೆಲ್, ಮಾತು, ಗ್ರಾಹಕರ ಜೊತೆಗಿನ ಒಡನಾಟ ಮುಖ್ಯ. ಇನ್ನೊಂದು, ಕ್ವಾಂಟ್ ದಾರಿ: ಡೆರಿವೇಟಿವ್‌ಗಳ ಬೆಲೆ, ರಿಸ್ಕ್ ಮಾಡೆಲ್, ಟ್ರೇಡಿಂಗ್ ಅಲ್ಗಾರಿದಮ್. ಇದರಲ್ಲಿ ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ, ಪೈಥಾನ್, ಸಿ ಪ್ಲಸ್ ಪ್ಲಸ್ ಮುಖ್ಯ.

ಇಂಜಿನಿಯರಿಂಗ್ ಹುಡುಗರಿಗೆ ಎರಡನೇ ದಾರಿ ಅನ್ಯಲೋಕವೇನಲ್ಲ. 1973ರಲ್ಲಿ ಬಂದ ಬ್ಲ್ಯಾಕ್-ಶೋಲ್ಸ್ ಸಮೀಕರಣದಲ್ಲಿ ಚರಗಳನ್ನು ಸ್ವಲ್ಪ ಬದಲಾಯಿಸಿದರೆ ಅದು ನಾವು ಮ್ಯಾಥ್ಸ್ ಪೇಪರಿನಲ್ಲಿ ಬಿಡಿಸಿದ ಶಾಖ ಸಮೀಕರಣವೇ. ಕಬ್ಬಿಣದ ಸಲಾಕೆಯಲ್ಲಿ ಬಿಸಿ ಹರಡುವ ಲೆಕ್ಕವೇ ಆಪ್ಷನ್ನಿನ ಬೆಲೆಗೂ ಬರುತ್ತದೆ.

ದಾರಿ ಬೇರೆಯಾದರೆ ಸ್ಕೂಲೂ ಬೇರೆ. ಎಚ್‌ಇಸಿ ಪ್ಯಾರಿಸ್, ಎಸ್ಸೆಕ್, ಇಎಸ್‌ಸಿಪಿ, ಮಿಲಾನಿನ ಬೊಕ್ಕೋನಿ, ಸ್ವಿಜರ್ಲೆಂಡಿನ ಸೇಂಟ್ ಗ್ಯಾಲನ್, ಇವುಗಳ ಹೆಸರು ಹೆಚ್ಚಾಗಿ ಬ್ಯಾಂಕಿಂಗ್ ಮತ್ತು ಕಾರ್ಪೊರೇಟ್ ಕಡೆ ಕೇಳಿಸುತ್ತದೆ. ಕ್ವಾಂಟ್ ಕಡೆ ಹೋಗುವವರು ಬಿಸಿನೆಸ್ ಸ್ಕೂಲಿನ ಬೋರ್ಡನ್ನು ದಾಟಿ ನೋಡಬೇಕು. ಲೊಸಾನ್‌ನ ಇಪಿಎಫ್‌ಎಲ್‌ನಲ್ಲಿ ಫೈನಾನ್ಷಿಯಲ್ ಇಂಜಿನಿಯರಿಂಗ್ ಇದೆ. ಜ್ಯೂರಿಕ್‌ನಲ್ಲಿ ಇಟಿಎಚ್ ಮತ್ತು ಜ್ಯೂರಿಕ್ ವಿಶ್ವವಿದ್ಯಾಲಯ ಸೇರಿ ಕ್ವಾಂಟಿಟೇಟಿವ್ ಫೈನಾನ್ಸ್ ಕಲಿಸುತ್ತವೆ. ಲಂಡನ್ನಿನ ಇಂಪೀರಿಯಲ್‌ನಲ್ಲಿ ಗಣಿತ ವಿಭಾಗವೇ ಒಂದು ಕೋರ್ಸ್ ನಡೆಸುತ್ತದೆ. ಎಡೆಕ್ ಬಿಸಿನೆಸ್ ಸ್ಕೂಲು ನೀಸ್ ಪಟ್ಟಣದ ತನ್ನ ಕ್ಯಾಂಪಸ್ಸಿನಲ್ಲಿ ಫೈನಾನ್ಷಿಯಲ್ ಇಂಜಿನಿಯರಿಂಗ್ ಕಲಿಸುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಣಿತೀಯ ಫೈನಾನ್ಸ್ ಇದೆ. ಕನ್ಸಲ್ಟೆನ್ಸಿಯವರು ಕೊಟ್ಟ ಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ. ನಮ್ಮ ಗೆಳೆಯ ಮಾತ್ರ ಮೂರು ವರ್ಷದಿಂದ ಕೋಡಿಂಗ್ ಕಾಂಟೆಸ್ಟ್ ಬಿಟ್ಟವನಲ್ಲ.

ನಿಮ್ಮ ದಾರಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಸಾಲ ಮಾಡುವ ಮೊದಲು ಪರೀಕ್ಷೆ ಮಾಡಿ ನೋಡಿ. ಎನ್‌ಪಿಟೆಲ್‌ನ ಫೈನಾನ್ಸ್ ಕೋರ್ಸೊಂದನ್ನು ಪೂರ್ತಿ ಮಾಡಿ. ಡಿಗ್ರಿ ಮುಗಿಯಲು 23 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಸಿಎಫ್‌ಎ ಮೊದಲ ಹಂತ ಬರೆಯಬಹುದು. ಪರೀಕ್ಷೆ ಕಟ್ಟದಿದ್ದರೂ ಪರವಾಗಿಲ್ಲ, ಅದರ ಸಿಲಬಸ್ ಪುಸ್ತಕವನ್ನು ಎರಡು ತಿಂಗಳು ಓದಿ. ಬೋರ್ ಹೊಡೆದರೆ ಪ್ಯಾರಿಸ್ಸಿನಲ್ಲೂ ಬೋರೇ ಹೊಡೆಯುತ್ತದೆ.

ಕೆಲಸ ಇರುವ ಊರು

ಸ್ಕೂಲು ನೋಡುವ ಮೊದಲು ಊರು ನೋಡಿ. ಯುರೋಪಿನ ಫೈನಾನ್ಸ್ ಕೆಲಸ ಕೆಲವೇ ನಗರಗಳಲ್ಲಿ ಗುಂಪು ಕಟ್ಟಿಕೊಂಡಿದೆ. ಲಂಡನ್ ಇವತ್ತಿಗೂ ದೊಡ್ಡದು. ಬ್ರೆಕ್ಸಿಟ್ ಆದಮೇಲೆ ಪ್ಯಾರಿಸ್ ಬೆಳೆದಿದೆ. ಯುರೋಪಿಯನ್ ಬ್ಯಾಂಕಿಂಗ್ ಪ್ರಾಧಿಕಾರವೇ 2019ರಲ್ಲಿ ಲಂಡನ್ನಿನಿಂದ ಅಲ್ಲಿಗೆ ಬಂತು. ಫ್ರಾಂಕ್‌ಫರ್ಟ್‌ನಲ್ಲಿ ಯುರೋಪಿನ ಕೇಂದ್ರ ಬ್ಯಾಂಕು ಇದೆ. ಜ್ಯೂರಿಕ್ ಸಂಪತ್ತು ನಿರ್ವಹಣೆಗೆ, ಲಕ್ಸೆಂಬರ್ಗ್ ಮತ್ತು ಡಬ್ಲಿನ್ ಫಂಡುಗಳಿಗೆ ಹೆಸರಾದವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಪ್ಟಿವರ್, ಐಎಂಸಿ, ಫ್ಲೋ ಟ್ರೇಡರ್ಸ್ ಥರದ ಟ್ರೇಡಿಂಗ್ ಕಂಪನಿಗಳಿವೆ. ಇವರು ಹುಡುಕುವುದೇ ಲೆಕ್ಕ ಮತ್ತು ಕೋಡ್ ಬಲ್ಲವರನ್ನು.

ಮುಂದಿನದು ಭಾಷೆ. ಇಂಗ್ಲಿಷಿನಲ್ಲಿ ಪಾಠ ಮಾಡುತ್ತಾರೆ ಅಂದ ಮಾತ್ರಕ್ಕೆ ಇಂಗ್ಲಿಷಿನಲ್ಲಿ ಕೆಲಸ ಕೊಡುತ್ತಾರೆ ಅಂತ ಅಲ್ಲ. ಫ್ರೆಂಚ್ ಕಂಪನಿಗೆ ಸಲಹೆ ಕೊಡುವವನಿಗೆ ಫ್ರೆಂಚ್ ಬರಬೇಕು, ಜರ್ಮನ್ ಕಂಪನಿಯ ಲೆಕ್ಕ ನೋಡುವವಳಿಗೆ ಜರ್ಮನ್ ಬರಬೇಕು. ಕ್ವಾಂಟ್ ಮತ್ತು ಟ್ರೇಡಿಂಗ್ ಟೀಮುಗಳಲ್ಲಿ ಈ ಒತ್ತಡ ಕಮ್ಮಿ. ಬೆಂಗಳೂರಿಗೆ ಬಂದು ಕನ್ನಡ ಕಲಿಯದೆ ಐಟಿ ಪಾರ್ಕಿನೊಳಗೆ ಬದುಕಬಹುದು, ಆದರೆ ಊರೊಳಗೆ ವ್ಯಾಪಾರ ಮಾಡೋಕೆ ಆಗಲ್ಲ ಅಲ್ವಾ? ಅಲ್ಲೂ ಅಷ್ಟೆ.

ಬಾಗಿಲಲ್ಲೇ ತಡೆಯುವ ನಿಯಮಗಳು

ಅರ್ಜಿ ಶುಲ್ಕ ಕಟ್ಟುವ ಮೊದಲು ಮೂರು ವಿಷಯ ನೋಡಿಕೊಳ್ಳಿ.

ಒಂದು, ಅನುಭವ. ಹೆಸರು ಒಂದೇ ಥರ ಕಂಡರೂ ಕೋರ್ಸ್ ಬೇರೆ ಇರುತ್ತದೆ. ಲಂಡನ್ ಬಿಸಿನೆಸ್ ಸ್ಕೂಲಿನ ಮಾಸ್ಟರ್ಸ್ ಇನ್ ಫೈನಾನ್ಸ್, ಕೇಂಬ್ರಿಜ್‌ನ ಮಾಸ್ಟರ್ ಆಫ್ ಫೈನಾನ್ಸ್, ಇವೆರಡೂ ಕೆಲಸ ಮಾಡಿ ಬಂದವರಿಗೆ. ಫ್ರೆಷರ್‌ಗಳಿಗೆ ಲಂಡನ್ ಬಿಸಿನೆಸ್ ಸ್ಕೂಲಿನಲ್ಲಿ ಇರುವುದು ಫೈನಾನ್ಷಿಯಲ್ ಅನಾಲಿಸಿಸ್ ಕೋರ್ಸ್.

ಎರಡು, ಹಿಂದೆ ಓದಿದ ವಿಷಯ. ಫ್ರಾನ್ಸ್ ಮತ್ತು ಇಂಗ್ಲೆಂಡಿನ ಅನೇಕ ಕೋರ್ಸುಗಳು ಇಂಜಿನಿಯರುಗಳನ್ನು ಖುಷಿಯಿಂದಲೇ ತೆಗೆದುಕೊಳ್ಳುತ್ತವೆ. ಆದರೆ ಜರ್ಮನಿ, ನೆದರ್ಲೆಂಡ್ಸ್‌ನ ಅನೇಕ ವಿಶ್ವವಿದ್ಯಾಲಯಗಳು ಡಿಗ್ರಿಯಲ್ಲೇ ಅರ್ಥಶಾಸ್ತ್ರ, ಅಕೌಂಟಿಂಗ್‌ನಲ್ಲಿ ಇಂತಿಷ್ಟು ಕ್ರೆಡಿಟ್ ಇರಬೇಕು ಅನ್ನುತ್ತವೆ. ನಮ್ಮ ಬಿ.ಇ.ಯಲ್ಲಿ ಮ್ಯಾನೇಜ್‌ಮೆಂಟ್ ಅಂತ ಒಂದೆರಡು ಪೇಪರು ಓದಿದ್ದು ಅದಕ್ಕೆ ಸಾಲದು. ಒಂಬತ್ತು ಸಿಜಿಪಿಎ ಇದ್ದವರಿಗೂ ಈ ಒಂದೇ ಕಾರಣಕ್ಕೆ ಸೀಟು ತಪ್ಪಬಹುದು. ಹಾಗಾಗಿ ಅರ್ಹತೆಯ ಪುಟವನ್ನು ಪೂರ್ತಿ ಓದಿ.

ಮೂರು, ಡಿಗ್ರಿಗೆ ಇರುವ ಮಾನ್ಯತೆ. ಪ್ಯಾರಿಸ್ಸಿನಲ್ಲಿ ಬಿಸಿನೆಸ್ ಸ್ಕೂಲ್ ಅಂತ ಬೋರ್ಡು ಹಾಕಿಕೊಂಡ ಖಾಸಗಿ ಸಂಸ್ಥೆಗಳು ಬೇಕಾದಷ್ಟಿವೆ. ಅಲ್ಲಿನ ಸರ್ಕಾರ ಕೊಡುವ 'ಗ್ರಾಡ್ ದ ಮಾಸ್ಟರ್' ಅನ್ನುವ ಮಾನ್ಯತೆ ಆ ನಿರ್ದಿಷ್ಟ ಕೋರ್ಸಿಗೆ ಇದೆಯಾ, ಇಲ್ಲದಿದ್ದರೆ ಗ್ರಾಂದ್ ಎಕೋಲ್‌ಗಳ ಒಕ್ಕೂಟದ ಎಂಎಸ್‌ಸಿ ಮುದ್ರೆಯಾದರೂ ಇದೆಯಾ ಅಂತ ಕೇಳಿ. ಎರಡೂ ಇಲ್ಲದಿದ್ದರೆ ಓದು ಮುಗಿದ ಮೇಲೆ ಕೆಲಸ ಹುಡುಕುವ ಪರವಾನಗಿಗೇ ತೊಂದರೆ. ಸ್ಕೂಲಿಗೆ ಮಾನ್ಯತೆ ಇದೆ ಅಂದಾಕ್ಷಣ ಅಲ್ಲಿನ ಎಲ್ಲ ಕೋರ್ಸಿಗೂ ಇದೆ ಅಂತ ಅಲ್ಲ.

ರ‍್ಯಾಂಕಿಂಗಿನ ಒಳಗುಟ್ಟು

ಕನ್ಸಲ್ಟೆನ್ಸಿಯವರು ತೋರಿಸುವ ರ‍್ಯಾಂಕಿಂಗ್ ಸಾಮಾನ್ಯವಾಗಿ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯದು. ಅದು ಸುಳ್ಳಲ್ಲ, ಆದರೆ ಅಳೆಯುವುದೇನು ಅಂತ ಗೊತ್ತಿರಬೇಕು. ಓದು ಮುಗಿಸಿ ಮೂರು ವರ್ಷವಾದ ಹಳೆ ವಿದ್ಯಾರ್ಥಿಗಳ ಸಂಬಳಕ್ಕೆ ಅಲ್ಲಿ ದೊಡ್ಡ ತೂಕ. ಆ ಸಂಬಳವನ್ನು ಡಾಲರಿಗೆ ತರುವುದು ಮಾರುಕಟ್ಟೆಯ ದರದಲ್ಲಿ ಅಲ್ಲ, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ.

ಇದರ ಅರ್ಥ ಏನು? ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಒಂದು ಡಾಲರಿಗೆ ಹೆಚ್ಚುಕಮ್ಮಿ 20 ರೂಪಾಯಿ. ಅಂದರೆ ಬೆಂಗಳೂರಿಗೆ ವಾಪಸ್ ಬಂದು ವರ್ಷಕ್ಕೆ 20 ಲಕ್ಷ ದುಡಿಯುವವರ ಸಂಬಳ ಆ ಲೆಕ್ಕದಲ್ಲಿ 1 ಲಕ್ಷ ಡಾಲರ್ ಆಗುತ್ತದೆ. ಬ್ಯಾಂಕಿನ ದರದಲ್ಲಿ, ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ, ಅದು 22 ಸಾವಿರ ಡಾಲರ್ ಚಿಲ್ಲರೆ ಮಾತ್ರ. ಜೀವನಮಟ್ಟ ಹೋಲಿಸೋಕೆ ಮೊದಲನೆಯ ಲೆಕ್ಕ ಸರಿ. ಆದರೆ ಯೂರೊದಲ್ಲಿ ಶುಲ್ಕ ಕಟ್ಟೋಕೆ ಬ್ಯಾಂಕು ನೋಡುವುದು ಎರಡನೆಯ ಲೆಕ್ಕ. ರ‍್ಯಾಂಕಿಂಗಿನ ಸರಾಸರಿ ಸಂಬಳ ನೋಡಿ 'ಎರಡು ವರ್ಷದಲ್ಲಿ ಸಾಲ ತೀರಿಸ್ತೀನಿ' ಅನ್ನುವವರು ಇಲ್ಲೇ ಎಡವುವುದು.

ಅದರ ಬದಲು ಸ್ಕೂಲಿನ ಪ್ಲೇಸ್‌ಮೆಂಟ್ ವರದಿ ತರಿಸಿಕೊಳ್ಳಿ. ಎಷ್ಟು ಜನ ಉತ್ತರ ಕೊಟ್ಟಿದ್ದಾರೆ, ಎಷ್ಟು ಜನ ಆ ದೇಶದಲ್ಲೇ ಉಳಿದಿದ್ದಾರೆ, ಅವರಲ್ಲಿ ಯುರೋಪಿನ ಹೊರಗಿಂದ ಬಂದವರು ಯಾರು ಅಂತ ಕೇಳಿ. ಲಿಂಕ್ಡ್‌ಇನ್‌ನಲ್ಲಿ ಅದೇ ಕೋರ್ಸು ಮಾಡಿದ, ಭಾರತದಲ್ಲಿ ಬಿ.ಇ. ಓದಿದ ಹತ್ತು ಜನರನ್ನು ಹುಡುಕಿ. ಅವರು ಈಗ ಎಲ್ಲಿದ್ದಾರೆ ಅನ್ನುವುದೇ ನಿಮ್ಮ ರ‍್ಯಾಂಕಿಂಗ್.

ಓದು ಮುಗಿದ ಮೇಲೆ ಎಷ್ಟು ದಿನ?

ಮಾಸ್ಟರ್ಸ್ ಮುಗಿದ ಮೇಲೆ ಕೆಲಸ ಹುಡುಕೋಕೆ ಕೊಡುವ ಕಾಲ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ 18 ತಿಂಗಳು. ನೆದರ್ಲೆಂಡ್ಸ್ ಮತ್ತು ಇಟಲಿಯಲ್ಲಿ ಒಂದು ವರ್ಷ. ಐರ್ಲೆಂಡಿನಲ್ಲಿ ಎರಡು ವರ್ಷ. ಫ್ರಾನ್ಸಿನಲ್ಲಿ ಒಂದು ವರ್ಷ. ಭಾರತದ ಜೊತೆಗಿನ ಒಪ್ಪಂದದಿಂದಾಗಿ ನಮ್ಮವರು ಇನ್ನೊಂದು ವರ್ಷ ವಿಸ್ತರಿಸಿಕೊಳ್ಳಬಹುದು. ಸ್ವಿಜರ್ಲೆಂಡಿನಲ್ಲಿ ಆರೇ ತಿಂಗಳು. ಬ್ರಿಟನ್ನಿನಲ್ಲಿ ಎರಡು ವರ್ಷ ಇದ್ದದ್ದು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿದಿದೆ. ಅಲ್ಲಿ ಕೆಲಸದ ವೀಸಾಗೆ ಬೇಕಾದ ಸಾಮಾನ್ಯ ಸಂಬಳದ ಮಿತಿಯೂ 2025ರ ಜುಲೈನಲ್ಲಿ 41,700 ಪೌಂಡಿಗೆ ಏರಿತು. ಹೊಸದಾಗಿ ಓದು ಮುಗಿಸಿದವರಿಗೆ ಅದರಲ್ಲಿ ರಿಯಾಯಿತಿ ಇದೆ.

ಈ ನಿಯಮಗಳು ನೀವು ಓದುತ್ತಿರುವಾಗಲೇ ಬದಲಾಗಬಹುದು. ಸ್ವಿಸ್ ಉದಾಹರಣೆಯನ್ನೇ ನೋಡಿ. ಇಟಿಎಚ್‌ನಲ್ಲಿ ಸೆಮಿಸ್ಟರಿಗೆ 730 ಫ್ರಾಂಕ್ ಇದ್ದ ಶುಲ್ಕ 2025ರ ಶರತ್ಕಾಲದಿಂದ ಹೊಸ ವಿದೇಶಿ ವಿದ್ಯಾರ್ಥಿಗಳಿಗೆ ಮೂರು ಪಟ್ಟಾಯಿತು, 2,190 ಫ್ರಾಂಕ್. ಶುಲ್ಕವೇ ಇಲ್ಲದಿದ್ದ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ನಮ್ಮಂಥವರಿಗೆ ಮಾಸ್ಟರ್ಸ್‌ನ ಸೆಮಿಸ್ಟರಿಗೆ 4,000 ಅಥವಾ 6,000 ಯೂರೊ ಹಾಕುತ್ತಿದೆ. ಸೀನಿಯರ್ ಹೇಳಿದ ರೇಟು ಅವರ ಬ್ಯಾಚಿನ ರೇಟು. ನೀವು ಅರ್ಜಿ ಹಾಕುವ ದಿನ ಮತ್ತೆ ನೋಡಿ.

ಈಗ ಸೈಟಿನ ಲೆಕ್ಕ

ಇಷ್ಟಾದ ಮೇಲೆ ಅರಿಶಿನಕುಂಟೆಯ ಪ್ಲಾಸ್ಟಿಕ್ ಕವರಿಗೆ ಬರೋಣ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ದಾಟಿದರೆ ಆಸ್ತಿಯ ಜಾಮೀನು ಕೇಳುತ್ತಾರೆ. ನಮ್ಮ ಗೆಳೆಯನ ಮನೆಯವರು ಮೊದಲು ತೆಗೆದುಕೊಂಡು ಹೋದದ್ದು ಜಮೀನಿನ ಪಹಣಿ. ಅದು ಆಗಲಿಲ್ಲ. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚಿಕೊಂಡಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಎಕರೆಗಟ್ಟಲೆ ಹೊಲ ಇದ್ದರೂ ಶಿಕ್ಷಣ ಸಾಲಕ್ಕೆ ಅದನ್ನು ಅಡಮಾನ ಇಟ್ಕೊಳ್ಳೋಕೆ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಉಳಿದದ್ದು ಸೈಟು. ಸೈಟಿಗೆ ಕ್ರಯಪತ್ರ, ಹಿಂದಿನ ಮೂಲಪತ್ರಗಳು, ಇ.ಸಿ., ಭೂಪರಿವರ್ತನೆಯ ಆದೇಶ ಎಲ್ಲ ಬೇಕು. ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳುತ್ತಾರೆ, 11ಬಿ ಆದರೆ ತಕರಾರು. ನಗರಸಭೆ ವ್ಯಾಪ್ತಿಯದಾದರೆ ಇ-ಖಾತಾ. ಬೆಂಗಳೂರು ಗ್ರಾಮಾಂತರದ ಹುಡುಗರು ಜಿಮ್ಯಾಟ್‌ಗಿಂತ ಮೊದಲು ಅಪ್ಪನ ಟ್ರಂಕು ತೆಗೆದು ಈ ಕಾಗದ ನೋಡುವುದು ಒಳ್ಳೆಯದು. ಅದನ್ನು ಸರಿಪಡಿಸೋಕೆ ತಿಂಗಳುಗಟ್ಟಲೆ ಬೇಕು.

'ಜಾಮೀನೇ ಬೇಡ' ಅನ್ನುವ ಖಾಸಗಿ ಸಾಲವೂ ಇದೆ. ಬಡ್ಡಿ ಸಾಮಾನ್ಯವಾಗಿ ಹೆಚ್ಚು. ಸೈಟು ಉಳಿಯುತ್ತದೆ, ಕಂತು ಬೆಳೆಯುತ್ತದೆ.

ಈಗ ಅವರಪ್ಪನ ಪ್ರಶ್ನೆ. 40 ಲಕ್ಷ ಸಾಲ, ಶೇ. 10 ಬಡ್ಡಿ, ಹತ್ತು ವರ್ಷ ಅಂತ ಇಟ್ಕೊಳ್ಳೋಣ. ಓದುವ ಎರಡು ವರ್ಷ, ಕೆಲಸ ಹುಡುಕುವ ಆರು ತಿಂಗಳು ಏನೂ ಕಟ್ಟದಿದ್ದರೆ ಸರಳ ಬಡ್ಡಿಯೇ 10 ಲಕ್ಷ ಸೇರುತ್ತದೆ. ಸಾಲವನ್ನು ಕಂತುಕಂತಾಗಿ ಬಿಡುಗಡೆ ಮಾಡಿದರೆ ಸ್ವಲ್ಪ ಕಮ್ಮಿಯಾಗಬಹುದು. 50 ಲಕ್ಷಕ್ಕೆ ತಿಂಗಳ ಕಂತು ಸುಮಾರು 66 ಸಾವಿರ. ವಾಪಸ್ ಬಂದು ಕೈಗೆ 70 ಸಾವಿರ ಸಿಕ್ಕರೆ ಉಳಿಯುವುದು ನಾಲ್ಕು ಸಾವಿರ. ಅದೇ 20 ಲಕ್ಷದ ಸಾಲವಾದರೆ ಬಡ್ಡಿ ಸೇರಿ 25 ಲಕ್ಷ, ಕಂತು ಸುಮಾರು 33 ಸಾವಿರ. ಕಷ್ಟ, ಆದರೆ ಸೈಟು ಉಳಿಯುತ್ತದೆ.

20 ಲಕ್ಷದ ದಾರಿ ಯಾವುದು? ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಒಂದು. ಮಾನ್‌ಹೈಮ್ ಇರುವ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ. ಅದರ ಜೊತೆ ವೀಸಾಗೆ ವರ್ಷದ ಖರ್ಚು 11,904 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. ಯೂರೊಗೆ 100 ರೂಪಾಯಿ ಅಂದರೂ 12 ಲಕ್ಷ. ಎರಡನೇ ವರ್ಷಕ್ಕೆ ಪಾರ್ಟ್‌ಟೈಮ್ ದುಡಿಯಬಹುದು. ವರ್ಷಕ್ಕೆ 140 ಪೂರ್ತಿ ದಿನ ಕೆಲಸಕ್ಕೆ ಅವಕಾಶವಿದೆ. ಸಿಕ್ಕೇ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ, ಮನೆಯ ಕೈಹಣ ಸ್ವಲ್ಪ ಬೇಕೇ ಬೇಕು. ಇಂಥ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಅವು ಕನ್ಸಲ್ಟೆನ್ಸಿ ಪಟ್ಟಿಯಲ್ಲಿ ಯಾಕೆ ಕಾಣಿಸೋದು ಅಪರೂಪ ಅಂತ ನೀವೇ ಊಹಿಸಿ.

ಹಾಗಂತ ದುಬಾರಿ ಸ್ಕೂಲು ಬೇಡವೇ ಬೇಡ ಅಂತ ನಾವು ಹೇಳುತ್ತಿಲ್ಲ. ಸ್ಕಾಲರ್‌ಶಿಪ್ ಸಿಕ್ಕರೆ ಲೆಕ್ಕವೇ ಬದಲಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ 'ಪ್ರಬುದ್ಧ' ಯೋಜನೆ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. 1923ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ರೂಪಾಯಿಯ ಬಗ್ಗೆಯೇ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ ಅಂಬೇಡ್ಕರ್ ಅವರು ಮೊದಲು ಹೊರಗೆ ಹೋದದ್ದೂ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದಲೇ. ಎಲ್ಲರಿಗೂ ತೆರೆದಿರುವುದು 1892ರಿಂದ ನಡೆಯುತ್ತಿರುವ ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲರೂಪದ ನೆರವು. ಫ್ರಾನ್ಸಿನ ಐಫೆಲ್ ವಿದ್ಯಾರ್ಥಿವೇತನಕ್ಕೆ ನೀವು ನೇರ ಅರ್ಜಿ ಹಾಕುವಂತಿಲ್ಲ, ಸ್ಕೂಲೇ ನಿಮ್ಮ ಹೆಸರು ಕಳಿಸಬೇಕು. ಹಾಗಾಗಿ ಸ್ಕೂಲಿಗೆ ಬೇಗ ಅರ್ಜಿ ಹಾಕಿ.

ಸಾಲ ತಗೊಂಡವರಿಗೆ ಎರಡು ಸಣ್ಣ ವಿಷಯ. ಮಾನ್ಯ ಸಂಸ್ಥೆಯ ಶಿಕ್ಷಣ ಸಾಲದಿಂದ ಹಣ ಹೊರದೇಶಕ್ಕೆ ಹೋದರೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಕಡಿತ ಇಲ್ಲ. ಕಟ್ಟಿದ ಬಡ್ಡಿಗೆ ಎಂಟು ವರ್ಷದವರೆಗೆ ತೆರಿಗೆ ವಿನಾಯಿತಿ ಸಿಗುತ್ತದೆ, ಆದರೆ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ.

ವಾಪಸ್ ಬರುವುದು ಸೋಲಲ್ಲ

ಅವರಪ್ಪನ ಪ್ರಶ್ನೆಯನ್ನು ನಾವು ಮೊದಲು ಅಪಶಕುನ ಅಂದ್ಕೊಂಡ್ವಿ. ಆಮೇಲೆ ಗೊತ್ತಾಯ್ತು, ಅದು ರಿಸ್ಕ್ ಮ್ಯಾನೇಜ್‌ಮೆಂಟಿನ ಮೊದಲ ಪಾಠ: ಕೆಟ್ಟ ಸಂದರ್ಭದಲ್ಲಿ ಕಳೆದುಕೊಳ್ಳುವುದು ಎಷ್ಟು ಅಂತ ಮೊದಲು ಕೇಳು. ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಬೆಂಗಳೂರಿನಲ್ಲಿದೆ, ಜೆಪಿ ಮಾರ್ಗನ್ ಇದೆ, ಫ್ರಾನ್ಸಿನ ಸೊಸಿಯೆತೆ ಜನರಾಲ್ ಇದೆ. ಅಲ್ಲಿ ಕಲಿತದ್ದನ್ನು ಇಲ್ಲಿ ದುಡಿಸಬಹುದು. ಕಂತು ಮಾತ್ರ ಇಲ್ಲಿನ ಸಂಬಳಕ್ಕೆ ಹೊಂದಬೇಕು.

ಆದ್ದರಿಂದ ಪ್ರತಿ ಸ್ಕೂಲಿಗೆ ಒಂದೊಂದು ಹಾಳೆ ಮಾಡಿ, ಐದು ಸಾಲು ಬರೆಯಿರಿ: ಯಾವ ಕೆಲಸ, ಯಾವ ಊರು ಮತ್ತು ಭಾಷೆ, ನನಗೆ ಅರ್ಹತೆ ಇದೆಯಾ, ಓದಿನ ನಂತರ ಎಷ್ಟು ತಿಂಗಳು, ವಾಪಸ್ ಬಂದರೆ ಕಂತು ಎಷ್ಟು. ರ‍್ಯಾಂಕು ಆರನೇ ಸಾಲು. ಮೊದಲ ಐದರಲ್ಲಿ ಎರಡು ಸ್ಕೂಲು ಸಮ ಬಂದರೆ ಮಾತ್ರ ಅದನ್ನು ನೋಡಿ.

ನಮ್ಮ ಗೆಳೆಯನ ಪಟ್ಟಿಯಲ್ಲಿ ಈಗ ನಾಲ್ಕು ಹೆಸರಿವೆ. ಹಳೆಯ ಮೂರರಲ್ಲಿ ಉಳಿದದ್ದು ಒಂದೇ, ಅದೂ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಅಂತ ಪಕ್ಕದಲ್ಲಿ ಬರೆದುಕೊಂಡಿದ್ದಾನೆ. ಜರ್ಮನಿಗೆ ಬೇಕಾದ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ ಕಟ್ಟಿದ್ದಾನೆ. ಶನಿವಾರ ಅರಿಶಿನಕುಂಟೆಯಿಂದ ಮಾದಾವರಕ್ಕೆ ಬಂದು, ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಇಂದಿರಾನಗರದ ಜರ್ಮನ್ ಕ್ಲಾಸಿಗೆ ಹೋಗ್ತಾನೆ. ಸೈಟಿನ ಪತ್ರ ಸದ್ಯಕ್ಕೆ ಟ್ರಂಕಿನಲ್ಲೇ ಇದೆ.

ಐದನೇ, ಆರನೇ ಸೆಮ್‌ನವರು ಈಗಲೇ ಶುರು ಮಾಡಿ. ಫ್ರಾನ್ಸಿನ ದೊಡ್ಡ ಸ್ಕೂಲುಗಳ ಮೊದಲ ಸುತ್ತಿನ ಅರ್ಜಿ ಹಿಂದಿನ ವರ್ಷವೇ ತೆರೆಯುತ್ತದೆ. ಗೊಂದಲ ಇದ್ದರೆ ಹಾಳೆ ತುಂಬಿಸಿಕೊಂಡು ಕ್ಲಬ್ ರೂಮಿಗೆ ಬನ್ನಿ, ಒಟ್ಟಿಗೆ ಕೂತು ಲೆಕ್ಕ ಹಾಕೋಣ. ಅದಕ್ಕೂ ಮೊದಲು ಐದನೇ ಸಾಲನ್ನು ಒಮ್ಮೆ ಮನೆಯಲ್ಲಿ ಓದಿ ಹೇಳಿ.